ಅಮಾನಿ

ಮುಹೇಜಾದಲ್ಲಿ ಬಸ್ಸು ಬದಲಾಯಿತು.
ಮೂರು ಚೀಲ ಕಿತ್ತಳೆ, ಕಾಲು ಕಟ್ಟಿದ ಹುಂಜ,
ನನ್ನ ತೊಡೆಯ ಮೇಲೆ ದುರ್ಬೀನು.
ಏರು, ತಿರುವು, ಮತ್ತೂ ಏರು.
ಕಿವಿಯ ಬಿರಡೆ ಯಾರೋ ಪಟ್ಟನೆ ಕಿತ್ತ ಹಾಗಾಗಿ
ಕೇಳಿತು ಮೊದಲ ಬಾರಿ, ಕಾಡು.

ಅಮಾನಿ ಅಂದರೆ ಇಲ್ಲಿಯವರ ಮಾತಲ್ಲಿ ಶಾಂತಿ.
ನಮ್ಮ ಹಳೆಯ ಕಂದಾಯದ ಕಡತಗಳಲ್ಲಿ
ಯಾರೂ ಗುತ್ತಿಗೆ ಹಿಡಿಯದೆ ಸರಕಾರಕ್ಕೇ ಉಳಿದ ನೆಲ.
ತುಕ್ಕು ತಿಂದ ಫಲಕದ ಕೆಳಗೆ ನಿಂತಾಗ
ಎರಡರಲ್ಲಿ ಯಾವುದಕ್ಕೆ ಬಂದಿಳಿದೆ ಗೊತ್ತಾಗಲಿಲ್ಲ.
ಜರ್ಮನರು ನೆಟ್ಟ ಮರಗಳಿಗೆ ಆಮೇಲೆ ಯಾರೋ ನಂಬರು ಹೊಡೆದಿದ್ದರು,
ನಂಬರಿನ ತಗಡನ್ನು ಮರಗಳು ಅರ್ಧ ನುಂಗಿದ್ದವು.

ದಾರಿ ತೋರಿಸಿದವಳು ಜೈತೂನಿ ಶೆಕೊಲೊವಾ.
ಅಣ್ಣನ ರಬ್ಬರ್ ಬೂಟು, ಎರಡಂಗುಲ ದೊಡ್ಡದು,
ಹೆಜ್ಜೆಗೊಮ್ಮೆ ಪಚಕ್.
'ಎನ್‌ಡೆಗೆ ಅಂದರೆ ಹಕ್ಕಿ. ವಿಮಾನಕ್ಕೂ ಅದೇ ಹೆಸರು.
ಯಾವುದರಲ್ಲಿ ಬಂದೆ, ಯಾವುದಕ್ಕೆ ಬಂದೆ,
ಎರಡು ಪ್ರಶ್ನೆಗೂ ನಿನ್ನದು ಒಂದೇ ಉತ್ತರ.'
ಅಷ್ಟು ಹೊತ್ತಿಗೆ ತಲೆಯ ಮೇಲೆ
ಒದ್ದೆ ಕಂಬಳಿ ಒದರಿದ ಸದ್ದು:
ಹೊಂಡೊಹೊಂಡೊ, ನಮ್ಮ ಮಂಗಟ್ಟೆಯ ದಾಯಾದಿ,
ಕೊಕ್ಕಿನಲ್ಲಿ ಅತ್ತಿಹಣ್ಣು, ಎಲ್ಲೋ ಪೊಟರೆಯಲ್ಲಿ
ಬಾಗಿಲು ಮೆತ್ತಿಕೊಂಡು ಕೂತ ಹೆಂಡತಿಯ ಪಾಲು.
ಬರೆದುಕೊಂಡೆ. ಹದಿನೇಳನೆಯದು.

ಹದಿನೆಂಟನೆಯದಕ್ಕೇ ನಾನು ಬಂದದ್ದು.
ಹೆಬ್ಬೆರಳಷ್ಟು ಹಕ್ಕಿ, ಬೂದಿ ಬಣ್ಣ, ಉದ್ದ ಕೊಕ್ಕು,
ಎಲೆಗೆ ಎಲೆ ಹೊಲಿಯುವ ಸಿಂಪಿಗರ ಕುಲ.
ಲೋಕದಲ್ಲಿ ಎಷ್ಟು ಉಳಿದಿವೆಯೋ, ಕೇಳಿದವರೆಲ್ಲ ತಲೆ ಕೆರೆದುಕೊಂಡರು.
ಕಾಡು ಮುಗಿದು ಚಹಾ ಶುರುವಾಗುವ ಅಂಚಿನಲ್ಲಿ,
ಬಳ್ಳಿಗೆ ಬಳ್ಳಿ ತೊಡರಿದ ಒಂದೇ ಒಂದು ಪೊದೆಯಲ್ಲಿ
ಅದರ ಸಂಸಾರವಂತೆ.
ಎರಡು ಬೆಳಗು ಕೂತೆವು.
ಬರಿಯ ಮಂಜು. ಬೂಟಿನೊಳಗೆ ಇರುವೆ.

ಮೂರನೆಯ ಬೆಳಗು ಜೈತೂನಿಯ ಅಜ್ಜಿಯೂ ಬಂದಳು,
ಬಿಬಿ ಮ್ವಾಂಟುಮು. ಮೂವತ್ತೊಂದು ವರ್ಷ ಚಹಾ ಕಿತ್ತವಳು,
ಉಗುರಿನ ಸುತ್ತ ಇನ್ನೂ ಹೋಗದ ಕಪ್ಪು.
ನನ್ನ ಪುಸ್ತಕದ ಗೀಟುಗಳ ಮೇಲೆ ಬೆರಳಾಡಿಸಿ ಕೇಳಿದಳು,
'ಹಕ್ಕಿಗೆ ಎಷ್ಟು ಕೊಡುತ್ತಾರೆ?'
ಅವಳ ತೂಕದ ಚೀಟಿಯಲ್ಲೂ ಇಂಥವೇ ಗೀಟು, ಕಿಲೋಗೊಂದು.
ಯಾರೂ ಕೊಡುವುದಿಲ್ಲ, ನಾನೇ ಕೊಟ್ಟು ಬಂದಿದ್ದೇನೆ
ಅಂದದ್ದನ್ನು ಮೊಮ್ಮಗಳು ದಾಟಿಸಿದಾಗ
ಬಿಬಿ ನಕ್ಕಳು, ಕೆಮ್ಮು ಬರುವವರೆಗೆ ನಕ್ಕಳು.
ಪೊದೆಯಲ್ಲಿ ಏನಿತ್ತೋ, ಇದ್ದದ್ದೆಲ್ಲ ಹಾರಿಹೋಯಿತು.

ಆಮೇಲೆ ಕೋಲಿನಿಂದ ಅದನ್ನೇ ತೋರಿಸಿ
ಸಣ್ಣ ದನಿಯಲ್ಲಿ ಏನೋ ಹೇಳಿದಳು.
ಜೈತೂನಿ ಸುಮ್ಮನಿದ್ದಳು ಸ್ವಲ್ಪ ಹೊತ್ತು.
'ಈ ಅಂಚಿನ ಬಳ್ಳಿ ಕಡಿಯುವುದು ಅಜ್ಜಿಯ ಕೆಲಸವಾಗಿತ್ತಂತೆ.
ಎಲ್ಲ ಕಡಿದಳು. ಇದೊಂದನ್ನು ಬಿಟ್ಟಳು.
ಮೇಸ್ತ್ರಿಯ ಕಣ್ಣಿಗೆ ಬೀಳದೆ
ನನ್ನವ್ವನಿಗೆ ಹಾಲೂಡಲು ಬೇರೆ ಮರೆ ಇರಲಿಲ್ಲ.
ಅವ್ವ ದೊಡ್ಡವಳಾದ ಮೇಲೂ, ಯಾಕೋ, ಬಿಟ್ಟಳು.
ಹಕ್ಕಿಯನ್ನು ನೋಡಿಯೇ ಇಲ್ಲವಂತೆ.
ಒಳಗೆ ಏನೋ ಚೀಂ ಅಂದರೆ ಮಗು ಅಳು ನಿಲ್ಲಿಸುತ್ತಿತ್ತು,
ಅಷ್ಟೇ ಗೊತ್ತಂತೆ.'

ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು.
ಇಲಿಕಿ ಹಾಕಿದ್ದೇನೆ ಅಂದಳು.
ಇಲಿಕಿ. ನಾಲಿಗೆಗೂ ಮುಂಚೆ ಕಿವಿಗೆ ಸಿಕ್ಕಿತು ಏಲಕ್ಕಿ,
ಒತ್ತಕ್ಷರ ಮಾತ್ರ ಕಡಲಲ್ಲಿ ಎಲ್ಲೋ ಬಿದ್ದುಹೋಗಿ.
ಮೊದಲ ಗುಟುಕಿಗೇ ಪೊದೆಯೊಳಗಿಂದ
ಸೂಜಿ ಬಟ್ಟೆ ದಾಟಿದಂಥ ದನಿ. ಎರಡು ಸಲ.
ದುರ್ಬೀನು ಕುತ್ತಿಗೆಯಲ್ಲೇ ಇತ್ತು,
ಎರಡೂ ಕೈಯಲ್ಲಿ ಲೋಟ, ಬಿಸಿ.
ಬಿಬಿ ಮ್ವಾಂಟುಮು ಕಣ್ಣು ಮುಚ್ಚಿದ್ದಳು.
ಅವಳ ಎಡಗೈ, ತನ್ನಷ್ಟಕ್ಕೆ,
ಖಾಲಿ ಮಡಿಲಲ್ಲಿ ಯಾರನ್ನೋ ತಟ್ಟುತ್ತಿತ್ತು.